ಹತ್ತು ದಿನಕ್ಕೆ ಬಂದ ಆಟಗಾರನಿಗೆ ನಾನು ಕೊಟ್ಟ ಎಪ್ಪತ್ತು ಕ್ಲಿಪ್

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡವೊಂದರ ವಿಡಿಯೊ ರೂಮಿನಲ್ಲಿ ನನ್ನ ಕೆಲಸ. ಪಂದ್ಯಗಳನ್ನು ಸಣ್ಣ ಸಣ್ಣ ಕ್ಲಿಪ್ ಮಾಡಿ, ಯಾವ ಆಟಗಾರ ಏನು ನೋಡಬೇಕೋ ಅದನ್ನು ಅವರ ಟ್ಯಾಬ್‌ಗೆ ಹಾಕಿಕೊಡಬೇಕು. ಸೀಸನ್ ಶುರುವಿನಲ್ಲೇ ಬಂದವರಿಗೆ ಇದು ಸುಲಭ. ಕ್ಯಾಂಪ್ ಇರುತ್ತದೆ, ಅಭ್ಯಾಸಕ್ಕೆ ದಿನಗಳಿರುತ್ತವೆ. ಜನವರಿಯಲ್ಲಿ ಬರುವವರ ಪಾಡೇ ಬೇರೆ.

ಜನವರಿ 5ರಿಂದ ತಂಡಗಳು ಹತ್ತು ದಿನದ ಒಪ್ಪಂದದ ಮೇಲೆ ಆಟಗಾರರನ್ನು ಕರೆಸಿಕೊಳ್ಳಬಹುದು. ಹತ್ತು ದಿನ ಇಲ್ಲವೇ ಮೂರು ಪಂದ್ಯ, ಯಾವುದು ಜಾಸ್ತಿಯೋ ಅದು. ಒಂದು ಸೀಸನ್‌ನಲ್ಲಿ ಒಂದೇ ತಂಡದ ಜೊತೆ ಇಂಥ ಒಪ್ಪಂದ ಎರಡೇ ಸಲ. ಆಮೇಲೂ ಬೇಕು ಅಂದರೆ ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು. ಇಲ್ಲವಾದರೆ ಅವರು ಮತ್ತೆ ಬ್ಯಾಗ್ ಕಟ್ಟಬೇಕು.

ಹೀಗೆ ತಂಡದಿಂದ ತಂಡಕ್ಕೆ ಹೋಗುತ್ತಲೇ ಇರುವವರನ್ನು ಇಲ್ಲಿ ಜರ್ನಿಮ್ಯಾನ್ ಅನ್ನುತ್ತಾರೆ. ಆಟ ಸಾಲದ್ದಕ್ಕೆ ಅಲೆಯುತ್ತಾರೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಅದು ತಪ್ಪು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1995ರಲ್ಲಿ ಮೊಟ್ಟಮೊದಲು ಆಯ್ಕೆಯಾದವರು ಜೋ ಸ್ಮಿತ್. ಅವರೂ 12 ತಂಡಗಳಿಗೆ ಆಡಿದರು. ಒಂದು ತಂಡದಲ್ಲಿ ಇರುವ ಪೂರ್ಣ ಒಪ್ಪಂದದ ಜಾಗ 15. ಟ್ರೇಡ್ ಮಾಡುವಾಗ, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವಾಗ, ಹೆಚ್ಚಾಗಿ ಎರಡೂ ಕಡೆಯ ಸಂಬಳದ ಲೆಕ್ಕ ಕೂಡಬೇಕು. ಆ ಲೆಕ್ಕ ಕೂಡಿಸಲು ಎಷ್ಟೋ ಸಲ ಹೋಗುವುದು ಇಂಥವರೇ.

ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಹಾಗೆ ಒಬ್ಬ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವ ಆಟಗಾರ, ಬಂದರು. ಮೂವತ್ತು ದಾಟಿದ್ದರು. ರಾತ್ರಿ ವಿಮಾನ ಇಳಿದರು, ಮಾರನೇ ದಿನ ಸಂಜೆ ಪಂದ್ಯ. ನಾನು ರಾತ್ರಿಯೆಲ್ಲಾ ಕೂತು ಎಪ್ಪತ್ತು ಕ್ಲಿಪ್ ಮಾಡಿದೆ. ನಮ್ಮ ಆಟ ಪೂರ್ತಿ ಅದರಲ್ಲಿತ್ತು. ಒಳ್ಳೆ ಕೆಲಸ ಮಾಡಿದೆ ಅಂತ ನನಗೇ ಸಮಾಧಾನ ಆಗಿತ್ತು. ಅವರು ಬೆಳಿಗ್ಗೆ ಕಾಫಿ ಕುಡಿಯುತ್ತಾ ಎಲ್ಲವನ್ನೂ ನೋಡಿದರು.

ಮೂರನೇ ಕ್ವಾರ್ಟರ್‌ನಲ್ಲಿ ಅವರನ್ನು ಇಳಿಸಿದರು. ಎದುರಾಳಿ ಗಾರ್ಡ್ ಚೆಂಡು ಹಿಡಿದು ಪಕ್ಕದ ಗೆರೆಯ ಹತ್ತಿರ ಬಂದ. ಅವನಿಗೆ ಸ್ಕ್ರೀನ್ ಕೊಡಲು, ಅಂದರೆ ಅವನನ್ನು ಕಾಯುವವರ ದಾರಿಗೆ ಅಡ್ಡ ನಿಲ್ಲಲು, ಅವರ ದೊಡ್ಡ ಆಟಗಾರ ಓಡಿ ಬಂದ. ನಮ್ಮ ಬೆಂಚ್‌ನಿಂದ ಸಹಾಯಕ ಕೋಚ್ ಕೂಗಿದರು: 'ಬ್ಲೂ! ಬ್ಲೂ!'

ನಮ್ಮ ತಂಡದಲ್ಲಿ ಬ್ಲೂ ಅಂದರೆ, ಚೆಂಡಿನವನನ್ನು ಸ್ಕ್ರೀನ್ ಕಡೆಗೆ ಹೋಗಲು ಬಿಡದೆ ಗೆರೆಯ ಕಡೆಗೇ ತಳ್ಳಬೇಕು. ನಮ್ಮ ದೊಡ್ಡ ಆಟಗಾರ ಕೆಳಗೆ, ಬುಟ್ಟಿಯ ಕಡೆ, ಕಾದು ನಿಲ್ಲುತ್ತಾನೆ. ಇವರ ಹಿಂದಿನ ತಂಡದಲ್ಲಿ ಬ್ಲೂ ಅಂದರೆ ಸ್ವಿಚ್. ಅಂದರೆ ಇಬ್ಬರೂ ತಾವು ಕಾಯುವವರನ್ನು ಅದಲುಬದಲು ಮಾಡಿಕೊಳ್ಳುವುದು. ಇವರು ಚೆಂಡಿನವನನ್ನು ಬಿಟ್ಟು ಎದುರಾಳಿ ದೊಡ್ಡವನ ಹಿಂದೆ ಹೋದರು. ನಮ್ಮ ದೊಡ್ಡವನು ಕೆಳಗೇ ನಿಂತಿದ್ದ. ಚೆಂಡಿನವನ ಮುಂದೆ ಯಾರೂ ಇಲ್ಲ. ಅವನು ನುಗ್ಗಿ ಬಂದು ಸಲೀಸಾಗಿ ಬುಟ್ಟಿಗೆ ಹಾಕಿದ. ಮುಂದಿನ ಟೈಮ್‌ಔಟ್‌ನಲ್ಲಿ ಇವರನ್ನು ಕೂರಿಸಿದರು.

ಆ ಡಿಫೆನ್ಸ್‌ನ ಹನ್ನೊಂದು ಕ್ಲಿಪ್ ನಾನು ಕೊಟ್ಟಿದ್ದೆ. ಹೇಗೆ ನಿಲ್ಲಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅದನ್ನು ನಾವು ಏನಂತ ಕರೆಯುತ್ತೇವೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ನನ್ನ ಕ್ಲಿಪ್‌ಗಳಲ್ಲಿ ಬೆಂಚ್‌ನ ದನಿ ಇರಲಿಲ್ಲ, ಮೇಲೆ ಹೆಸರೂ ಬರೆದಿರಲಿಲ್ಲ. ತಪ್ಪು ನನ್ನದು. ಆದರೆ ಎಲ್ಲರೂ ನೋಡಿದ್ದು ಅವರ ತಪ್ಪನ್ನು. ಹತ್ತು ದಿನಕ್ಕೆ ಬಂದವರಿಗೆ ಅಂಥ ಒಂದು ತಪ್ಪು ಎಷ್ಟು ದುಬಾರಿ ಅಂತ ಯೋಚಿಸಿ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ವಿಮಾನದಲ್ಲಿ ಅವರ ಪಕ್ಕ ಹೋಗಿ ಕೂತು ಕ್ಷಮೆ ಕೇಳಿದೆ. ಅವರು ಏನೂ ಅನ್ನದೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಅಂಚೆಲ್ಲಾ ಮುದುರಿತ್ತು. ಪ್ರತಿ ಪುಟದ ಎಡಗಡೆ ಒಂದು ಸಣ್ಣ ಚಿತ್ರ, ಬಲಕ್ಕೆ ತಂಡಕ್ಕೊಂದು ಕಾಲಂ. ಗೆರೆಯ ಕಡೆ ತಳ್ಳುವ ಅದೇ ಡಿಫೆನ್ಸ್‌ಗೆ ನಾಲ್ಕು ಕಾಲಂನಲ್ಲಿ 'ಐಸ್' ಅಂತಿತ್ತು, ಎರಡರಲ್ಲಿ 'ಡೌನ್'. ಕೊನೆಯ ಕಾಲಂನ ಮೇಲೆ ನಮ್ಮ ತಂಡದ ಹೆಸರು ಮಾತ್ರ ಇತ್ತು, ಕೆಳಗೆ ಖಾಲಿ.

'ನನಗೆ ಆಟ ಕಲಿಸಬೇಡ. ನಿಮ್ಮ ಮಾತು ಕಲಿಸು' ಅಂದರು.

ಆ ಪ್ರಯಾಣದಲ್ಲಿ ಇಬ್ಬರೂ ಸೇರಿ ಆ ಕಾಲಂ ತುಂಬಿಸಿದೆವು. ಇಪ್ಪತ್ತಮೂರು ಪದ ಆಯಿತು. ಆಟಗಾರರು ನಿಲ್ಲುವ ಒಂದು ಜೋಡಣೆಯ ಹೆಸರು 'ಹಾರ್ನ್ಸ್'. ಅಂಥದ್ದು ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ, ಅದನ್ನು ಸುಮ್ನೆ ದಾಟಿದೆವು. ಬೇರೆ ಅರ್ಥ ಬರುವ ಪದಗಳಿಗೆ ಅವರು ಕೆಂಪು ಪೆನ್ನಿನಲ್ಲಿ ಗೆರೆ ಹಾಕಿಕೊಂಡರು. ಎರಡು ದಿನದ ನಂತರದ ಪಂದ್ಯದಲ್ಲಿ ಕೋಚ್ ಬಾಯಿ ತೆರೆಯುವ ಮೊದಲೇ ಅವರೇ 'ಬ್ಲೂ!' ಅಂತ ಕೂಗಿದರು. ನಾನು ಬೆಂಚ್ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಮೈ ಜುಮ್ ಅಂದಿತು.

ಇಶ್ ಸ್ಮಿತ್ 13 ತಂಡಗಳಿಗೆ ಆಡಿ ದಾಖಲೆ ಮಾಡಿದರು. 2010ರಲ್ಲಿ ಅವರನ್ನು ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸಿರಲಿಲ್ಲ. ಹದಿಮೂರನೇ ತಂಡ ಡೆನ್ವರ್, ಅಲ್ಲಿ 2023ರಲ್ಲಿ ಚಾಂಪಿಯನ್ ಆದರು. ಮೊದಲು ಆ ಸಂಖ್ಯೆ ಕೇಳಿದಾಗ ನಾನು ಬರೀ ಊರುಗಳನ್ನು ಎಣಿಸುತ್ತಿದ್ದೆ. ಈಗ ಹದಿಮೂರು ಕಾಲಂ ಕಾಣುತ್ತದೆ. ಆಂಡ್ರೆ ಇಂಗ್ರಾಮ್ ಹತ್ತು ವರ್ಷ ಎನ್‌ಬಿಎಯ ಕೆಳಹಂತದ ಜಿ ಲೀಗ್‌ನಲ್ಲಿ ಆಡಿದವರು. 2018ರ ಏಪ್ರಿಲ್‌ನಲ್ಲಿ, ಸೀಸನ್‌ನ ಕೊನೆಯ ಎರಡು ಪಂದ್ಯಕ್ಕೆ ಅಂತ ಲೇಕರ್ಸ್ ತಂಡ ಅವರನ್ನು ಕರೆಸಿತು. 32ನೇ ವಯಸ್ಸಿನಲ್ಲಿ ಆಡಿದ ಮೊದಲ ಎನ್‌ಬಿಎ ಪಂದ್ಯದಲ್ಲೇ 19 ಪಾಯಿಂಟ್. ಆಗ ಲೇಕರ್ಸ್‌ನ ವಿಡಿಯೊ ರೂಮಿನಲ್ಲಿದ್ದವರು ಅವರ ಕೈಗೆ ಏನು ಕೊಟ್ಟಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ನಮ್ಮ ಗಾರ್ಡ್‌ಗೆ ಎರಡನೇ ಹತ್ತು ದಿನವೂ ಸಿಕ್ಕಿತು. ಅದಾದ ಮೇಲೆ ಉಳಿಸಿಕೊಳ್ಳಲಿಲ್ಲ. ಉಳಿಸಿಕೊಳ್ಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ, ಆದರೆ ಅದು ನನ್ನ ಕೈಯಲ್ಲಿರಲಿಲ್ಲ. ಹೊರಡುವಾಗ ಅವರು ವಿಡಿಯೊ ರೂಮಿಗೆ ಬಂದು ಕೈಕುಲುಕಿ ಹೋದರು.

ಈಗ ಹೊಸಬರು ಬಂದರೆ ನಾನು ಹನ್ನೆರಡಕ್ಕಿಂತ ಜಾಸ್ತಿ ಕ್ಲಿಪ್ ಕೊಡುವುದಿಲ್ಲ. ಪ್ರತಿಯೊಂದರಲ್ಲೂ ಬೆಂಚ್‌ನ ಕೂಗು ಕೇಳಿಸುತ್ತದೆ. ಅದಕ್ಕೂ ಮೊದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ಎದುರಿಗೆ ಕೂರುತ್ತೇನೆ. ಚಿತ್ರ ಬರೆದು ತೋರಿಸಿ ಕೇಳುತ್ತೇನೆ: 'ಹಿಂದಿನ ತಂಡದಲ್ಲಿ ಇದಕ್ಕೆ ಏನಂತಿದ್ರಿ?'