ಓಡಾಡ್ತೀರಲ್ಲ ಅಕ್ಕ, ಇನ್ನೇನು ತೊಂದರೆ?

ನನಗೆ ಲಕ್ವ (ಸ್ಟ್ರೋಕ್) ಹೊಡೆದಿದ್ದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ಪ್ರೀತಿಯಿಂದಲೇ ಕೇಳುತ್ತಾರೆ. ರಸ್ತೆಯಲ್ಲಿ ನಿಂತು ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾಲು ಬೇಗ ಸುಧಾರಿಸಿತು. ಬೆಳಿಗ್ಗೆ ನಮ್ಮ ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ನಿಧಾನಕ್ಕೆ ನಡೆಯುತ್ತೇನೆ. ನೀವು ನೋಡುವುದು ಅಷ್ಟು. ಇನ್ನೂ ಉಳಿದಿರುವುದು ಬಲಗೈ, ಆಮೇಲೆ ಹೊರಗೆ ಕಾಣದ ಸುಸ್ತು.

ನನಗೆ ರಕ್ತ ಹೆಪ್ಪುಗಟ್ಟಿದ್ದು ಮೆದುಳಿನ ಎಡಭಾಗದಲ್ಲಿ. ದೇಹದ ಬಲಭಾಗವನ್ನು ನಡೆಸುವುದು ಆ ಎಡಭಾಗವೇ, ಹಾಗಾಗಿ ಬಲಗೈ ಸೋತಿತು, ಮಾತೂ ತೊದಲಿತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸಿದರೆ ಮೆದುಳಿನ ಬೇರೆ ಭಾಗ ಅದನ್ನು ಕಲಿತುಕೊಳ್ಳುತ್ತದೆ. ಮೊದಲ 3ರಿಂದ 6 ತಿಂಗಳಲ್ಲಿ ಸುಧಾರಣೆ ಜಾಸ್ತಿ. ಆಮೇಲೂ ಆಗುತ್ತದೆ, ನಿಧಾನಕ್ಕೆ. ಅದಕ್ಕೇ "ಬಿಡಕ್ಕ, ನಾನು ಮಾಡ್ತೀನಿ" ಅಂತ ಯಾರಾದರೂ ಕೈಯಿಂದ ಕೆಲಸ ಕಿತ್ತುಕೊಂಡರೆ ನನಗೆ ನಿಜಕ್ಕೂ ಬೇಜಾರು.

ರೊಟ್ಟಿಯನ್ನೇ ತಗೊಳ್ಳಿ. ಪರಾತ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸುತ್ತೇನೆ. ಜೋಳದ ಹಿಟ್ಟಿನ ಮೇಲೆ ಬಲಗೈ ಇಟ್ಟು, ಅದರ ಮೇಲೆ ಎಡಗೈ ಒತ್ತಿ ನಾದುತ್ತೇನೆ. ಬಡಿಯುವಾಗ ಬಲಗೈ ಬೆರಳುಗಳು ತಾವಾಗಿಯೇ ಒಳಗೆ ಮಡಚಿಕೊಳ್ಳುತ್ತವೆ. ಎಡಗೈಯಿಂದ ಒಂದೊಂದಾಗಿ ಬಿಡಿಸಿ ಮತ್ತೆ ಬಡಿಯಬೇಕು. ರೊಟ್ಟಿ ದಪ್ಪ, ಅಂಚೆಲ್ಲ ಸೀಳು. ಆದರೂ ತಿನ್ನುವಾಗ ಖುಷಿ. ಹಂಚಿನ ಹತ್ತಿರ ಮಾತ್ರ ನಾನು ಹೋಗುವುದಿಲ್ಲ, ಬೇಯಿಸುವುದು ಸೊಸೆ. ಬಿಸಿ ತಾಗಿದರೆ ಈ ಕೈಗೆ ಬೇಗ ಗೊತ್ತಾಗುವುದಿಲ್ಲ. ಅಲ್ಲಿ ಹಟ ಬೇಡ.

ಮನೆಯಲ್ಲಿ ಇಂಥವರು ಇದ್ದರೆ ಇಷ್ಟು ನೆನಪಿಡಿ. ರವಿಕೆ, ಅಂಗಿ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಸೋತ ಕೈ ಹಿಡಿದು ಎಳೆದು ಎಬ್ಬಿಸಲೇಬೇಡಿ, ಭುಜದ ಕೀಲು ಜಾರಬಹುದು.

ಇನ್ನು ಸುಸ್ತು. ಇದು ರಾತ್ರಿ ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ನನಗೆ ಒಬ್ಬರದೂ ತಲೆಗೆ ಹೋಗುವುದಿಲ್ಲ. ಮಂಡಿಪೇಟೆ ಮಾರ್ಕೆಟ್ಟಿಗೆ ಹೋಗಿ ಬಂದರೆ ಆ ದಿನ ಮುಗಿದ ಹಾಗೆ. ಒಮ್ಮೊಮ್ಮೆ ಕಾರಣವೇ ಇಲ್ಲದೆ ಅಳು ಬರುತ್ತದೆ, ಅದೂ ಸ್ಟ್ರೋಕ್ ಆದವರಲ್ಲಿ ಇರುವಂಥದ್ದೇ. "ಧೈರ್ಯ ತಗೋಬೇಕು" ಅನ್ನಬೇಡಿ. ಸ್ವಲ್ಪ ಹೊತ್ತು ಸುಮ್ನೆ ಪಕ್ಕದಲ್ಲಿ ಕೂತರೆ ಸಾಕು.

ಒಂದು ಮಾತು ಮಾತ್ರ ಕೈ ಮುಗಿದು ಕೇಳುತ್ತೇನೆ. ಯಾರಿಗಾದರೂ ಮುಖ ಸೊಟ್ಟಗಾದರೆ, ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ನಾಟಿ ಔಷಧಿ ಹುಡುಕುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೆ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದೂ ಸ್ಕ್ಯಾನ್ ಆದ ಮೇಲೆ.

ನನ್ನ ನೋಡೋಕೆ ಖಂಡಿತ ಬನ್ನಿ. ಸಂಜೆಗಿಂತ ಬೆಳಿಗ್ಗೆ ಬನ್ನಿ, ಆಗ ಮಾತಾಡಲು ಶಕ್ತಿ ಇರುತ್ತದೆ. ಮಾತಿನ ನಡುವೆ ನಾನು ತಡವರಿಸಿದರೆ ನೀವೇ ವಾಕ್ಯ ಮುಗಿಸಬೇಡಿ, ಸ್ವಲ್ಪ ಕಾಯಿರಿ.