ಹೊಟ್ಟೆ ಕಾಣುವ ಮೊದಲೇ ನಡೆಯುವ ಕೆಲಸ

ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ಲೈನ್‌ಮನೆಗಳಿಗೆ ನಾನು ನರ್ಸ್ ಆಗಿ ಹೋಗುತ್ತೇನೆ. ಹೊಸ ಬಸುರಿಯರು ಕೇಳುವುದು ಒಂದೇ: "ಅಕ್ಕಾ, ಹೊಟ್ಟೆಯೇ ಕಾಣಲ್ಲ, ಈಗಲೇ ಯಾಕೆ ಬರ್ಬೇಕು?"

ಕಾಣದ ಆ ತಿಂಗಳುಗಳಲ್ಲೇ ದೊಡ್ಡ ಕೆಲಸ ಶುರುವಾಗುತ್ತದೆ. ಗರ್ಭಕೋಶದ ಒಳಪದರದಲ್ಲಿ ಸುರುಳಿ ಸುತ್ತಿದ ಸಣ್ಣ ರಕ್ತನಾಳಗಳಿವೆ. ಮಗುವಿಗೆ ತಾಯಿಯಿಂದ ಆಹಾರ ತಲುಪಿಸುವ ಮಾಸನ್ನು ಕಟ್ಟುವ ಜೀವಕೋಶಗಳು ಅವುಗಳೊಳಗೆ ನುಗ್ಗುತ್ತವೆ. ಗೋಡೆಯ ಸ್ನಾಯು ಸವೆದು, ಆ ಜಾಗದಲ್ಲಿ ಇವು ಕೂರುತ್ತವೆ. ಆಮೇಲೆ ನಾಳ ಮೊದಲಿನಂತೆ ಬಿಗಿಯಲಾರದು. ತೋಡಿನ ಬಾಯಿ ಅಗಲ ಮಾಡಿದರೆ ನೀರು ರಭಸವಿಲ್ಲದೆ ಗದ್ದೆಗೆ ಹರಡುತ್ತದಲ್ವಾ, ಹಾಗೆ ರಕ್ತ ನಿಧಾನವಾಗಿ, ಜಾಸ್ತಿ ಬರುತ್ತದೆ.

ನನಗೆ ತುಂಬಾ ಅಚ್ಚರಿಯಾಗುವುದು ಇದು: ಮೊದಲ ಸುಮಾರು 10 ವಾರ ಅದೇ ಜೀವಕೋಶಗಳು ನಾಳದ ಬಾಯಿಯನ್ನು ಬಹುಪಾಲು ಮುಚ್ಚಿಡುತ್ತವೆ. ಎಳೆಯ ಭ್ರೂಣಕ್ಕೆ ಆಗ ಆಮ್ಲಜನಕ ಕಡಿಮೆಯಿದ್ದರೇ ಒಳ್ಳೆಯದು.

ನಾಳ ಅಗಲವಾಗುವ ಈ ಕೆಲಸ 20 ವಾರದ ಹೊತ್ತಿಗೆ ಬಹುತೇಕ ಮುಗಿಯುತ್ತದೆ. ಅರೆಬರೆಯಾದರೆ ಮುಂದೆ ಬಿಪಿ ಏರಬಹುದು, ಮಗು ಸಣ್ಣದಾಗಬಹುದು. ಹಿಂದಿನ ಬಸಿರಿನಲ್ಲಿ ಹೀಗಾದವರಿಗೆ ಡಾಕ್ಟರು ಸಾಮಾನ್ಯವಾಗಿ 16 ವಾರದೊಳಗೇ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರು ಮಾಡುತ್ತಾರೆ. ಸುಮ್ನೆ ನೀವೇ ತಗೊಳ್ಬೇಡಿ. ಮಳೆಗಾಲವಾದರೂ ಸರಿ, 3 ತಿಂಗಳು ತುಂಬುವ ಮೊದಲು ಬಂದು ಬಿಪಿ ನೋಡಿಸಿಕೊಳ್ಳಿ, ಹಿಂದಿನ ಹೆರಿಗೆಯ ವಿಷಯ ಪೂರ್ತಿ ಹೇಳಿ.