ಮಾನವನ ಮೂಲದ ಗೋಡೆಪಟ: ಚುಕ್ಕಿಗಳು ಮುಗಿದವು, ಗೆರೆಗಳು ನಡೆಯುತ್ತಿವೆ

ಮಾನವನ ಮೂಲದ ಕಥೆಯನ್ನು ಕಾಲದ ಅಳತೆಯಲ್ಲಿ ತೋರಿಸಲು ನಾನು ಬಿಡಿಸುತ್ತಿರುವ ಗೋಡೆಪಟದ ತಳಹಾಳೆ ಅಂತೂ ಮುಗಿಯಿತು. ಉದ್ದ ಮೂರೂವರೆ ಮೀಟರು, ಅಳತೆ ಸೆಂಟಿಮೀಟರಿಗೆ 20,000 ವರ್ಷ. ಬಲತುದಿಯಲ್ಲಿ ನಾವು. ಎಡತುದಿಯಲ್ಲಿ 2001ರಲ್ಲಿ ಚಾಡ್ ದೇಶದ ಮರುಭೂಮಿಯಲ್ಲಿ ಸಿಕ್ಕ, ಸುಮಾರು 70 ಲಕ್ಷ ವರ್ಷ ಹಳೆಯದಾದ ‘ತೂಮಾಯ್’ ಬುರುಡೆ. ಇಥಿಯೋಪಿಯಾದಲ್ಲಿ ಅಸ್ಥಿಪಂಜರವಾಗಿ ಸಿಕ್ಕ ಲೂಸಿ ನಮ್ಮಿಂದ 160 ಸೆಂ.ಮೀ. ದೂರದಲ್ಲಿದ್ದಾಳೆ. ನಮ್ಮ ಹತ್ತಿರದ ಬಂಧುಗಳಾದ ನಿಯಾಂಡರ್ತಾಲರು ಕಣ್ಮರೆಯಾದದ್ದು ಬಲ ಅಂಚಿನಿಂದ ಎರಡೇ ಸೆಂ.ಮೀ. ಒಳಗೆ. ಬೇಸಾಯ ಶುರುವಾದಂದಿನಿಂದ ಇವತ್ತಿನವರೆಗೆ ನಡೆದದ್ದೆಲ್ಲ ಆರು ಮಿಲಿಮೀಟರಿನಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಏನಾದರೂ ಬರೆಯುವ ಆಸೆ ಬಿಟ್ಟಿದ್ದೇನೆ.

ಕೊನೆಯ 5 ಲಕ್ಷ ವರ್ಷಗಳ ಭಾಗದಲ್ಲಿ ಚುಕ್ಕಿಗಳು ಒಂದರ ಮೇಲೊಂದು ಬೀಳುತ್ತಿದ್ದವು. ಹಾಗಾಗಿ ಅದಕ್ಕೇ ಒಂದು ಬೇರೆ ಪಟ್ಟಿ ಮಾಡಿದೆ: ಸೆಂಟಿಮೀಟರಿಗೆ 2,000 ವರ್ಷ, ಎರಡೂವರೆ ಮೀಟರು. ಈ ಸಲದ ಕೆಲಸ ಬಹುಪಾಲು ಈ ಪಟ್ಟಿಯ ಮೇಲೆ. ವಿದ್ವಾಂಸರ ಜಗಳವೂ ಹೆಚ್ಚಾಗಿ ಇಲ್ಲೇ.

ಮೊದಲೇ ಹಾಕಿಕೊಂಡ ಕಟ್ಟುಪಾಡು ಒಂದೇ. ತಳಹಾಳೆಯ ಮೇಲೆ ಶಾಯಿಯಲ್ಲಿ ಬರುವುದು ಮೂಳೆ, ಅದು ಸಿಕ್ಕ ಜಾಗ, ಅದರ ಕಾಲ ಇಷ್ಟೇ. ಯಾರು ಯಾರ ಪೂರ್ವಜ ಎಂಬ ಮಾತು ಅಲ್ಲಿಗೆ ಬರಕೂಡದು. ಗೆರೆಗಳೆಲ್ಲ ಮೇಲೆ ಹೊದಿಸುವ ಟ್ರೇಸಿಂಗ್ ಹಾಳೆಗಳಲ್ಲಿ, ಒಂದೊಂದು ವಾದಕ್ಕೂ ಒಂದೊಂದು ಹಾಳೆ. ಚುಕ್ಕಿಗಳು ಎಲ್ಲರಿಗೂ ಅವೇ. ಅವನ್ನು ಜೋಡಿಸುವ ಬಗೆಯಲ್ಲಿ ಮಾತ್ರ ಜಗಳ.

ಚುಕ್ಕಿ ಎನ್ನುತ್ತಿದ್ದೇನಾದರೂ ನಿಜವಾಗಿ ಅವು ಅಡ್ಡಪಟ್ಟೆಗಳು. ಯಾವ ಪಳೆಯುಳಿಕೆಗೂ ಇಸವಿ ಬರೆದಿರುವುದಿಲ್ಲ, ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿ ಇರುತ್ತದೆ. ಅದೂ ಜಾಗ ಬದಲಿಸುತ್ತದೆ. ಮೊರಾಕ್ಕೊದ ಜೆಬೆಲ್ ಇರ್ಹೂದ್ ಬುರುಡೆಯನ್ನೇ ನೋಡಿ. 1961ರಲ್ಲಿ ಗಣಿ ಕೆಲಸದವರಿಗೆ ಸಿಕ್ಕಿತು. ಮೊದಲು ಸುಮಾರು 40,000 ವರ್ಷ ಹಳೆಯದು ಎಂದರು, ಆಮೇಲೆ 1,60,000 ಎಂದರು. 2017ರಲ್ಲಿ ಜೀನ್-ಜಾಕ್ ಹುಬ್ಲಿನ್ ಅವರ ತಂಡ ಸುಮಾರು 3,15,000 ಎಂದಿತು. ನನ್ನ ಪಟ್ಟಿಯಲ್ಲಿ ಒಂದೇ ಬುರುಡೆ 20 ಸೆಂ.ಮೀ.ನಿಂದ 80ಕ್ಕೆ, ಅಲ್ಲಿಂದ 157ಕ್ಕೆ ನಡೆದುಹೋದಂತಾಯಿತು. ಕೊನೆಯ ಲೆಕ್ಕ ಬಂದದ್ದು ಬುರುಡೆಯಿಂದಲ್ಲ, ಅದರ ಜೊತೆ ಸಿಕ್ಕ ಸುಟ್ಟ ಚಕಮಕಿ ಕಲ್ಲುಗಳಿಂದ. ಕಲ್ಲು ಬೆಂಕಿಯಲ್ಲಿ ಕಾದಾಗ ಅದರ ಹರಳುಗಳಲ್ಲಿ ಸಿಕ್ಕಿಕೊಂಡಿದ್ದ ಎಲೆಕ್ಟ್ರಾನುಗಳೆಲ್ಲ ಹೊರಬಿದ್ದು ಲೆಕ್ಕ ಸೊನ್ನೆಗೆ ಬರುತ್ತದೆ. ಆಮೇಲೆ ಮಣ್ಣಿನ ವಿಕಿರಣದಿಂದ ಮತ್ತೆ ಸೇರುತ್ತಾ ಹೋಗುತ್ತವೆ. ಎಷ್ಟು ಸೇರಿವೆ ಎಂದು ಅಳೆದರೆ ಕೊನೆಯ ಸಲ ಬೆಂಕಿ ಕಂಡದ್ದು ಯಾವಾಗ ಎಂಬುದು ತಿಳಿಯುತ್ತದೆ.

ಇರ್ಹೂದ್ ಪಟ್ಟೆಯ ಸರಿಯಾಗಿ ಕೆಳಗೆ, ದಕ್ಷಿಣ ಆಫ್ರಿಕಾದ ಸಾಲಿನಲ್ಲಿ, ಹೋಮೋ ನಲೇದಿ ಎಂಬ ಅಳಿದ ಮಾನವ ಪ್ರಭೇದದ ಪಟ್ಟೆ ಬಂತು: 3,35,000ದಿಂದ 2,36,000 ವರ್ಷ. ಎರಡೂ ಪಟ್ಟೆಗಳು ಒಂದರ ಮೇಲೊಂದು ಹಾಯುತ್ತವೆ. ಇರ್ಹೂದ್‌ನವರ ಮುಖ ಬಹುಮಟ್ಟಿಗೆ ನಮ್ಮದೇ, ತಲೆಯ ಹಿಂಭಾಗ ಮಾತ್ರ ಉದ್ದ. ನಲೇದಿಯ ಮೆದುಳೋ 465ರಿಂದ 610 ಘನ ಸೆಂ.ಮೀ., ನಮ್ಮದರ ಅರ್ಧಕ್ಕೂ ಕಡಿಮೆ. ಬಾಗಿದ ಕಪಿಯಿಂದ ನೆಟ್ಟಗೆ ನಿಂತ ಮನುಷ್ಯನವರೆಗೆ ಸಾಲಾಗಿ ನಡೆದುಹೋಗುವ ಆ ಪ್ರಸಿದ್ಧ ಚಿತ್ರ ಇದ್ದಕ್ಕಿದ್ದಂತೆ ಹಾಸ್ಯಚಿತ್ರದ ಹಾಗೆ ಕಾಣಲು ಈ ಎರಡು ಪಟ್ಟೆಗಳೇ ಸಾಕು.

ಉದ್ದ ಹಾಳೆಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಜಾರ್ಜಿಯಾದ ದ್ಮಾನಿಸಿ. ಸುಮಾರು 18 ಲಕ್ಷ ವರ್ಷ ಹಳೆಯ ಐದು ಬುರುಡೆಗಳು, ಎಲ್ಲವೂ ಒಂದೇ ಜಾಗದವು. 2013ರಲ್ಲಿ ಪ್ರಕಟವಾದ ಐದನೆಯದರ ಮೆದುಳಿನ ಗಾತ್ರ ಬರೀ 546 ಘನ ಸೆಂ.ಮೀ., ಆದರೆ ಮುಖ, ದವಡೆ ಭಾರೀ ದೊಡ್ಡವು. ಇವು ಬೇರೆಬೇರೆ ಊರುಗಳಲ್ಲಿ ಸಿಕ್ಕಿದ್ದರೆ ಒಂದೊಂದಕ್ಕೂ ಒಂದೊಂದು ಹೆಸರಿಡುತ್ತಿದ್ದರು ಎಂಬುದು ಅಲ್ಲಿನ ತಂಡದ ವಾದ, ನನಗೂ ಅದು ಒಪ್ಪಿಗೆಯೇ. ಹಾಗಾಗಿ ಪ್ರಭೇದಕ್ಕೊಂದು ಬಣ್ಣ ಎಂಬ ಯೋಜನೆ ಕೈಬಿಟ್ಟೆ. ಚುಕ್ಕಿಗಳೆಲ್ಲ ಕಪ್ಪು. ಹೆಸರುಗಳು ಚೀಟಿಗಳಲ್ಲಿ, ಗುಂಡುಪಿನ್ನಿನಲ್ಲಿ.

ಇನ್ನು ಟ್ರೇಸಿಂಗ್ ಹಾಳೆಗಳು.

ಮೊದಲನೆಯದು ಬೇಗ ಮುಗಿಯಿತು. ಮೊದಲು ಮೆದುಳು ಬೆಳೆಯಿತು, ಉಳಿದದ್ದು ಆಮೇಲೆ ಎಂಬ ಹಳೆಯ ವಾದ. ಇದಕ್ಕೆ ದೊಡ್ಡ ಆಧಾರವಾಗಿದ್ದದ್ದು 1912ರ ಇಂಗ್ಲೆಂಡಿನ ಪಿಲ್ಟ್‌ಡೌನ್ ಬುರುಡೆ; ಮನುಷ್ಯನ ತಲೆಗೆ ಒರಾಂಗುಟಾನಿನ ದವಡೆ ಜೋಡಿಸಿದ್ದರು, ಮೋಸ ಬಯಲಾದದ್ದು 1953ರಲ್ಲಿ. ಈ ನಡುವೆ 1924ರಲ್ಲಿ ದಕ್ಷಿಣ ಆಫ್ರಿಕಾದ ತಾಂಗ್‌ನಲ್ಲಿ ಸಿಕ್ಕ ಮಗುವಿನ ಬುರುಡೆಯನ್ನು ರೇಮಂಡ್ ಡಾರ್ಟ್ ಮನುಷ್ಯನ ಪೂರ್ವಜರ ಸಾಲಿನದೆಂದು ಮುಂದಿಟ್ಟಾಗ ಬಹಳ ಮಂದಿ ಅಸಡ್ಡೆ ಮಾಡಿದರು, ಮೆದುಳು ಚಿಕ್ಕದು ಎಂದು. ಪಿಲ್ಟ್‌ಡೌನ್ ಅನ್ನು ತಳಹಾಳೆಯಲ್ಲಿ ಹಾಕಬೇಕೇ ಎಂಬ ಪ್ರಶ್ನೆಗೆ ಉತ್ತರ ಸುಲಭವಿತ್ತು: ಅದು ಪಳೆಯುಳಿಕೆಯೇ ಅಲ್ಲ, ವಾದಕ್ಕೆ ಒದಗಿಸಿದ ಸಾಕ್ಷಿ. ಈ ಹಾಳೆಯಲ್ಲೇ ಇರಲಿ.

ಎರಡನೆಯದಕ್ಕೆ ಸ್ಕೇಲು ಸವೆಯುವಷ್ಟು ಗೆರೆ ಎಳೆಯಬೇಕಾಯಿತು. ಇದು ಬಹುಪ್ರಾದೇಶಿಕ ವಾದ. ಬೇರು ಫ್ರಾಂಜ್ ವೈಡೆನ್ರೈಖ್ ಅವರದ್ದು. ಬೀಜಿಂಗ್ ಹತ್ತಿರದ ಝೌಕೌದಿಯನ್ ಬುರುಡೆಗಳನ್ನು (‘ಬೀಜಿಂಗ್ ಮಾನವ’) ಅವರು ವಿವರವಾಗಿ ಅಭ್ಯಾಸ ಮಾಡಿದ್ದರು. 1941ರಲ್ಲಿ ಮೂಲ ಮೂಳೆಗಳು ಯುದ್ಧದ ಗಲಾಟೆಯಲ್ಲಿ ಕಳೆದುಹೋದವು, ಅಚ್ಚುಗಳು ಮಾತ್ರ ಉಳಿದವು. ಅದೇ ಎಳೆಯನ್ನು 1984ರಲ್ಲಿ ಮಿಲ್ಫರ್ಡ್ ವೊಲ್ಪಾಫ್, ಅಲನ್ ಥಾರ್ನ್, ವು ಶಿನ್‌ಝಿ ಮುಂದುವರಿಸಿದರು. ಹೋಮೋ ಎರೆಕ್ಟಸ್ ಎಂಬ ಹಳೆಯ ಮಾನವ ಪ್ರಭೇದ ಎಲ್ಲೆಡೆ ಹರಡಿದ ಮೇಲೆ ಏಷ್ಯಾ, ಯುರೋಪು, ಆಫ್ರಿಕಾಗಳಲ್ಲಿ ಅಲ್ಲಲ್ಲೇ ಆಧುನಿಕ ಮಾನವ ರೂಪುಗೊಂಡ. ನಡುನಡುವೆ ಜನ ಬೆರೆಯುತ್ತಿದ್ದುದರಿಂದ ಪ್ರಭೇದ ಒಂದೇ ಆಗಿ ಉಳಿಯಿತು ಎನ್ನುತ್ತದೆ ಈ ವಾದ. ಇದನ್ನು 1962ರ ಕಾರ್ಲ್‌ಟನ್ ಕೂನ್ ಅವರ ವಾದದ ಜೊತೆ ಕಲಸುವವರಿದ್ದಾರೆ. ಅದರಲ್ಲಿ ಜನಾಂಗಗಳು ಹೆಚ್ಚುಕಡಿಮೆ ಬೇರೆಬೇರೆಯಾಗಿಯೇ ಮೇಲೇರುತ್ತವೆ. ವೈಡೆನ್ರೈಖ್ ಚಿತ್ರದ ಜೀವವೇ ಪ್ರದೇಶಗಳ ನಡುವೆ ಜನ ಬೆರೆತದ್ದನ್ನು ತೋರಿಸುವ ಅಡ್ಡಗೆರೆಗಳು. ನಾನೂ ಪಟದಲ್ಲಿ ಅವನ್ನು ದಪ್ಪವಾಗಿಯೇ ಎಳೆದಿದ್ದೇನೆ.

ಎಳೆಯುತ್ತಾ ಹೋದ ಹಾಗೆ ಈ ವಾದದ ತೊಡಕೂ ಕೈಗೆ ತಗುಲಿತು. ಪ್ರಭೇದ ಒಡೆಯದಿರಬೇಕಾದರೆ ಅಡ್ಡಗೆರೆ ಹೆಚ್ಚು ಬೇಕು. ಆಯಾ ಪ್ರದೇಶದ ಗುರುತು ಲಕ್ಷಾಂತರ ವರ್ಷ ಅಳಿಯದೆ ಉಳಿಯಬೇಕಾದರೆ ಅಡ್ಡಗೆರೆ ಕಡಿಮೆ ಇರಬೇಕು. ಎರಡನ್ನೂ ಒಟ್ಟಿಗೆ ತೂಗಿಸುವ ಗೆರೆಗಳ ಸಂಖ್ಯೆ ಯಾವುದು ಎಂದು ಯೋಚಿಸಿದರೆ ಪೆನ್ಸಿಲ್ ನಿಂತುಬಿಡುತ್ತದೆ. ಪೂರ್ವ ಏಷ್ಯಾದ ನಿರಂತರತೆಗೆ ಕೊಡುತ್ತಿದ್ದ ಒಂದು ದೊಡ್ಡ ಸಾಕ್ಷಿ ಸಲಿಕೆಯಾಕಾರದ ಬಾಚಿಹಲ್ಲು. ಅಲ್ಲಿನ ಇಂದಿನ ಜನರಲ್ಲಿ ಆ ಹಲ್ಲಿಗೆ ಸಂಬಂಧಿಸಿದ ಇಡಾರ್ ವಂಶವಾಹಿಯ ರೂಪಾಂತರ ಕೆಲವು ಹತ್ತು ಸಾವಿರ ವರ್ಷಗಳಷ್ಟೇ ಹಳೆಯದು ಎಂದು ಅಂದಾಜಿಸಿದ್ದಾರೆ. ಬೀಜಿಂಗ್ ಮಾನವನವರೆಗೆ ಅದು ಮುಟ್ಟುವುದಿಲ್ಲ. ಅಂಥದೇ ಹಲ್ಲು ಯುರೋಪಿನ ನಿಯಾಂಡರ್ತಾಲರಿಗೂ ಇತ್ತು.

ಮೂರನೆಯದು ಆಫ್ರಿಕಾ ಮೂಲದ ಹಾಳೆ: ನಾವು ಆಫ್ರಿಕಾದಲ್ಲಿ ರೂಪುಗೊಂಡು ಹೊರಗೆ ಹರಡಿ, ಅಲ್ಲಿದ್ದವರ ಜಾಗ ಹಿಡಿದೆವು ಎಂಬ ವಾದ. ಎಷ್ಟು ಚೊಕ್ಕ! 1987ರಲ್ಲಿ ರೆಬೆಕ್ಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಮೂವರೂ 147 ಜನರ ಮೈಟೊಕಾಂಡ್ರಿಯದ (ತಾಯಿಯಿಂದಷ್ಟೇ ಬರುವ) ಡಿಎನ್‌ಎ ಹೋಲಿಸಿ ತಾಯಿಯ ಕಡೆಯ ಎಳೆಗಳೆಲ್ಲ ಸುಮಾರು 2 ಲಕ್ಷ ವರ್ಷ ಹಿಂದೆ, ಬಹುಶಃ ಆಫ್ರಿಕಾದಲ್ಲಿ, ಒಬ್ಬಳಲ್ಲಿ ಕೂಡುತ್ತವೆ ಎಂದರು. ಆಗ ಆಕೆಯೊಬ್ಬಳೇ ಬದುಕಿದ್ದಳೆಂದು ಇದರ ಅರ್ಥವಲ್ಲ. ಉಳಿದ ಹೆಂಗಸರ ತಾಯಿಯೆಳೆ ಎಲ್ಲೋ ಒಂದು ಕಡೆ ಹೆಣ್ಣುಮಕ್ಕಳಿಲ್ಲದೆ ಕೊನೆಯಾಯಿತು, ಅಷ್ಟೆ. ಪಟ್ಟಿಯಲ್ಲಿ ಅದು ಒಂದು ಮೀಟರಿಗೆ ಬರುತ್ತದೆ. ಅಲ್ಲಿಂದ ಒಂದು ಗೆರೆ ಹೊರಟು ಕವಲೊಡೆದು ಇಡೀ ಲೋಕಕ್ಕೆ ಹರಡುತ್ತದೆ. ನಿಯಾಂಡರ್ತಾಲ್, ಏಷ್ಯಾದ ಎರೆಕ್ಟಸ್, ಎಲ್ಲರ ಗೆರೆಗೂ ತುದಿಯಲ್ಲೊಂದು ಅಡ್ಡಕಡ್ಡಿ. 1997ರಲ್ಲಿ ನಿಯಾಂಡರ್ತಾಲ್ ಮೈಟೊಕಾಂಡ್ರಿಯದ ಡಿಎನ್‌ಎ ಹೊರತೆಗೆದಾಗಲೂ ಅದು ಇಂದಿನ ಯಾರದ್ದರೊಳಗೂ ಸೇರಲಿಲ್ಲ. 2009ರವರೆಗಿನ ಮಾಹಿತಿಯಷ್ಟೇ ಇಟ್ಟುಕೊಂಡಿದ್ದರೆ ಇದನ್ನು ಶಾಯಿಯಲ್ಲಿ ಎಳೆದು ಕೈತೊಳೆದುಕೊಳ್ಳಬಹುದಿತ್ತು.

2010ರಲ್ಲಿ ನಿಯಾಂಡರ್ತಾಲರ ಇಡೀ ಜೀನೋಮಿನ, ಅಂದರೆ ಪೂರ್ತಿ ಡಿಎನ್‌ಎಯ, ಕರಡು ಬಂತು. ಆಫ್ರಿಕಾದ ಹೊರಗಿನವರಲ್ಲಿ ಶೇ. 1ರಿಂದ 4ರಷ್ಟು ಅವರದೇ ಅಂಶ. ಅದೇ ವರ್ಷ ಸೈಬೀರಿಯಾದ ಡೆನಿಸೋವಾ ಗುಹೆಯ ಒಂದು ಬೆರಳ ಮೂಳೆಯಿಂದ ಯಾರೂ ಕೇಳರಿಯದ ಇನ್ನೊಂದು ಗುಂಪು ಹೊರಬಿತ್ತು. ಅವರ ಅಂಶ ಪಪುವಾ ನ್ಯೂಗಿನಿಯ ಜನರಲ್ಲಿ ಹೆಚ್ಚಾಗಿದೆ. ಸ್ವಾಂಟೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂದದ್ದು ಈ ಕೆಲಸಗಳಿಗೇ.

ಇಲ್ಲಿ ಒಂದು ಚುಕ್ಕಿಯ ಬಗ್ಗೆ ಹೇಳಲೇಬೇಕು. 2018ರಲ್ಲಿ ಪ್ರಕಟವಾದ ಒಂದು ಮೂಳೆಚೂರು, ಉದ್ದ ಸುಮಾರು ಎರಡೂವರೆ ಸೆಂ.ಮೀ., ವಯಸ್ಸು ಸುಮಾರು 90,000 ವರ್ಷ. ಹದಿಹರೆಯದ ಹುಡುಗಿಯದು. ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್. ಪಟ್ಟಿಯಲ್ಲಿ 45ನೇ ಸೆಂ.ಮೀ.ನಲ್ಲಿ ಆ ಚೂರನ್ನು ನಿಜ ಗಾತ್ರದಲ್ಲೇ ಬರೆದೆ. ಮೂರನೆಯ ಹಾಳೆ ಹೊದಿಸಿದರೆ ಅದು ಎರಡು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ. ಆ ಹಾಳೆಯ ಪ್ರಕಾರ ಅಲ್ಲಿ ಯಾರೂ ಇರುವ ಹಾಗಿಲ್ಲ.

ಹಾಗಾದರೆ ಬಹುಪ್ರಾದೇಶಿಕರು ಗೆದ್ದರೇ? ಗೆರೆಯ ದಪ್ಪವನ್ನು ಪಾಲಿಗೆ ತಕ್ಕಂತೆ ಎಳೆದರೆ ಉತ್ತರ ಕಣ್ಣಿಗೇ ಕಾಣುತ್ತದೆ. ಆಫ್ರಿಕಾದಿಂದ ಬಂದ ಗೆರೆ 50 ಮಿ.ಮೀ. ಅಗಲ ಎಂದಿಟ್ಟುಕೊಂಡರೆ, ಶೇ. 2ರ ನಿಯಾಂಡರ್ತಾಲ್ ಪಾಲು 1 ಮಿ.ಮೀ. ನೂಲು. ಬೆರಕೆ ನಡೆದೇ ಇಲ್ಲ ಎಂದವರ ವಾದ ಬಿದ್ದುಹೋಯಿತು, ನಿಜ. ಆದರೆ ಒಂದು ಮಿಲಿಮೀಟರನ್ನು ಹಿಡಿದುಕೊಂಡು ಐವತ್ತು ತಮ್ಮದೆನ್ನುವವರ ಮಾತನ್ನು ನಾನಂತೂ ಒಪ್ಪಲಾರೆ. ಮೂರನೆಯ ಹಾಳೆಯನ್ನು ಹರಿಯಲಿಲ್ಲ. ತುದಿಯ ಅಡ್ಡಕಡ್ಡಿಗಳನ್ನು ಕೆಲವೆಡೆ ಅಳಿಸಿ ಕೆಂಪು ನೂಲು ಅಂಟಿಸಿದ್ದೇನೆ.

ಈಗ ಕೈಯಲ್ಲಿರುವುದು ನಾಲ್ಕನೆಯದು, ಬರೀ ಆಫ್ರಿಕಾ. ವಾಯವ್ಯದಲ್ಲಿ ಇರ್ಹೂದ್, ಪೂರ್ವದಲ್ಲಿ ಕನಿಷ್ಠ 2.3 ಲಕ್ಷ ವರ್ಷದ ಓಮೋ ಕಿಬಿಷ್, ದಕ್ಷಿಣದಲ್ಲಿ ಸುಮಾರು 2.6 ಲಕ್ಷದ ಫ್ಲೋರಿಸ್‌ಬಾಡ್. ಒಂದೇ ತೊಟ್ಟಿಲು ಎಂದು ತೋರಿಸಲು ಬೆರಳಿಡುವ ಜಾಗವೇ ಇಲ್ಲ. 2018ರಲ್ಲಿ ಎಲಿನಾರ್ ಸ್ಕೆರ್ರಿ ಮತ್ತು ಸಂಗಡಿಗರು ಆಫ್ರಿಕಾದ ಉದ್ದಗಲಕ್ಕೂ ಚದುರಿದ, ಆಗಾಗ ಕೂಡಿ ಆಗಾಗ ಬೇರಾಗುತ್ತಿದ್ದ ಗುಂಪುಗಳಿಂದ ನಾವು ಬಂದೆವು ಎಂದು ವಾದಿಸಿದರು. 2023ರಲ್ಲಿ ಜೀನೋಮುಗಳ ಮೇಲೆ ಕಟ್ಟಿದ ಒಂದು ಮಾದರಿ ಹೆಚ್ಚು ವ್ಯತ್ಯಾಸವಿಲ್ಲದ, ಒಂದಕ್ಕೊಂದು ಬೆರೆಯುತ್ತಿದ್ದ ಎರಡು ಕಾಂಡಗಳನ್ನು, ಅಂದರೆ ಎರಡು ಪೂರ್ವಜ ಗುಂಪುಗಳನ್ನು, ಮುಂದಿಟ್ಟಿತು. ಎರಡನೆಯ ಹಾಳೆಯ ಅಡ್ಡಗೆರೆಗಳು ಒಂದೇ ಖಂಡದೊಳಗೆ ಮತ್ತೆ ಬಂದು ಕೂತಿವೆ! ಈ ಹಾಳೆಯ ತೊಂದರೆ ಬೇರೆ ಬಗೆಯದು. ಮಾದರಿ ಹುಟ್ಟಿದ್ದು ಇಂದಿನ ಜನರ ಡಿಎನ್‌ಎಯಿಂದ, ಚುಕ್ಕಿಗಳು ಬಂದದ್ದು ಮಣ್ಣಿನಿಂದ. ಯಾವ ಬುರುಡೆ ಯಾವ ಕಾಂಡದ್ದು ಎಂದು ಮಾದರಿ ಹೇಳುವುದಿಲ್ಲ. ಸದ್ಯಕ್ಕೆ ಎರಡು ಕಾಂಡಗಳನ್ನೂ ಯಾವ ಚುಕ್ಕಿಗೂ ತಾಗಿಸದೆ ಪೆನ್ಸಿಲಿನಲ್ಲಿ ಎಳೆದಿಟ್ಟಿದ್ದೇನೆ.

ನೆಟ್ಟಗೆ ನಡೆಯಲು ಕಾರಣ ಹುಲ್ಲುಗಾವಲು ಎಂಬ ವಾದಕ್ಕೆ ಉದ್ದ ಹಾಳೆಯಲ್ಲಿ ಚಿಕ್ಕ ಟಿಪ್ಪಣಿಯಷ್ಟೇ. 44 ಲಕ್ಷ ವರ್ಷ ಹಳೆಯ ಅಸ್ಥಿಪಂಜರವಾಗಿ ಸಿಕ್ಕ ಆರ್ಡಿ ಬದುಕಿದ್ದು ಮರಗಳಿದ್ದ ಜಾಗದಲ್ಲಿ ಎಂದು ಅಗೆದವರೇ ಹೇಳಿದ ಮೇಲೆ ಆ ಕಥೆಯ ಸರಳ ರೂಪ ನಿಲ್ಲುವುದು ಕಷ್ಟ. 1960ರಲ್ಲಿ ಅಲಿಸ್ಟರ್ ಹಾರ್ಡಿ ಶುರುಮಾಡಿದ, ನಮ್ಮ ಪೂರ್ವಜರು ಒಂದು ಕಾಲದಲ್ಲಿ ನೀರಿಗೆ ಹೊಂದಿಕೊಂಡು ಬದುಕಿದ್ದರು ಎನ್ನುವ ಜಲವಾನರ ವಾದಕ್ಕೆ ಹಾಳೆ ಕೊಟ್ಟಿಲ್ಲ. ಮೈಮೇಲಿನ ಕೂದಲಿನಿಂದ ಹಿಡಿದು ಎಲ್ಲವನ್ನೂ ವಿವರಿಸುತ್ತದೆ, ಆದರೆ ನನ್ನ ಒಂದು ಚುಕ್ಕಿಗೂ ಗೆರೆ ಕಟ್ಟಿಕೊಡುವುದಿಲ್ಲ.

ಗುಂಡುಪಿನ್ನುಗಳು ಈ ಸಲ ಉಪಯೋಗಕ್ಕೆ ಬಂದವು. ಚೀನಾದ ಹಾರ್ಬಿನ್ ಬುರುಡೆ ಪಟ್ಟಿಯಲ್ಲಿ 73ನೇ ಸೆಂ.ಮೀ.ನಲ್ಲಿದೆ, ಕನಿಷ್ಠ 1,46,000 ವರ್ಷ. 2021ರಲ್ಲಿ ಅದಕ್ಕೆ ಹೋಮೋ ಲಾಂಗಿ ಎಂಬ ಹೊಸ ಹೆಸರು ಕೊಟ್ಟಿದ್ದರು. 2025ರಲ್ಲಿ ಅದರ ಪ್ರೋಟೀನುಗಳನ್ನೂ ಹಲ್ಲಿಗಂಟಿದ ಪಾಚಿಯಲ್ಲಿದ್ದ ಡಿಎನ್‌ಎಯನ್ನೂ ನೋಡಿ ಇದು ಡೆನಿಸೋವನ್ ಎಂದರು. ಬೆರಳು, ಹಲ್ಲು, ದವಡೆ ಬಿಟ್ಟರೆ ಹೆಚ್ಚೇನೂ ಗೊತ್ತಿಲ್ಲದಿದ್ದ ಗುಂಪಿಗೆ ದಪ್ಪ ಹುಬ್ಬೇಣಿನ ಅಗಲವಾದ ಮುಖವೊಂದು ಸಿಕ್ಕಿತು. ಚುಕ್ಕಿ ಕದಲಲಿಲ್ಲ, ಚೀಟಿ ಬದಲಾಯಿತು.

ಬಾಕಿ ಇರುವುದು: ನಾಲ್ಕನೆಯ ಹಾಳೆಯ ಕಾಂಡಗಳು, ಪಪುವಾ ಕಡೆಯ ಡೆನಿಸೋವನ್ ನೂಲು, ಮತ್ತು ನಲೇದಿ. ಅದರ ಮೂಳೆಗಳಿಂದ ಡಿಎನ್‌ಎ ತೆಗೆಯಲು ಈವರೆಗೆ ಆಗಿಲ್ಲ, ಹಾಗಾಗಿ ನಾಲ್ಕು ಹಾಳೆಗಳಲ್ಲಿ ಯಾವುದರಲ್ಲೂ ಅದಕ್ಕೆ ಗೆರೆಯಿಲ್ಲ.